ಚೈನ್ ಅಂಗಡಿಯ ಖಾರದ ಚಿಕನ್, ನಮ್ಮ ಮನೆ ಬಾಣಲೆಯಲ್ಲಿ

ನಾಟಿ ಕೋಳಿ ಸಾರಲ್ಲಿ ಮುದ್ದೆ ಅದ್ದಿ ನುಂಗುವ ಹಾಸನದವರಿಗೆ ಫಾಸ್ಟ್ ಫುಡ್ ಚೈನ್‌ನವರ ‘ಸ್ಪೈಸಿ’ ಬೋರ್ಡು ನೋಡಿದರೆ ನಗು ಬರುತ್ತದೆ. ನನಗೂ ಬಂತು. ಆದರೆ ಅವರ ಕರಿದ ಚಿಕನ್ ತಿಂದ ಮೇಲೆ ಕುತೂಹಲ ಶುರುವಾಯಿತು. ಖಾರ ನಮ್ಮ ಸಾರಿಗಿಂತ ಕಡಿಮೆಯೇ. ಬಾಯಿಗೆ ಬರುವ ರೀತಿ ಮಾತ್ರ ಬೇರೆ. ಸಾರಿನ ಖಾರ ಮೊದಲ ತುತ್ತಿಗೇ ಗಂಟಲು ಹಿಡಿಯುತ್ತದೆ. ಇಲ್ಲಿ ಮೊದಲು ಉಪ್ಪು, ಆಮೇಲೆ ಗರಿಗರಿ, ಅದರ ಹಿಂದೆ ಕಾಳುಮೆಣಸಿನ ಘಾಟು. ಇನ್ನೇನು ಮುಗೀತು ಅನ್ನುವಾಗ ತುಟಿಯಂಚು ಚುರುಚುರು ಅನ್ನುತ್ತದೆ.

ಒಂದು ಲೆಗ್ ಪೀಸ್ ಬಿಡಿಸಿ ನೋಡಿದೆ. ಹೊರಗಿನ ಪದರ ಕೆಂಪಗಿತ್ತು. ಒಳಗಿನ ಮಾಂಸ ಬೆಳ್ಳಗೆ. ಅದನ್ನಷ್ಟೇ ತಿಂದರೆ ಉಪ್ಪು ಹದವಾಗಿದೆ, ಖಾರ ಇಲ್ಲವೇ ಇಲ್ಲ. ಅಂದರೆ ಎಷ್ಟು ಮೆಣಸಿನಪುಡಿ ಹಾಕಿದರು ಅನ್ನುವುದಕ್ಕಿಂತ ಎಲ್ಲಿ ಹಾಕಿದರು ಅನ್ನುವುದೇ ಇಲ್ಲಿ ಮುಖ್ಯ. ಇದು ಹೊಳೆದ ಮೇಲೆ ಮನೆಯಲ್ಲೇ ಮಾಡೋಣ ಅನ್ನಿಸಿತು.

ಈ ತಿಂಡಿಗೆ ನಮ್ಮ ರಾಜ್ಯದಲ್ಲಿ ದೊಡ್ಡ ಕಥೆಯೇ ಇದೆ. ಕರಿದ ಕೋಳಿ ಮಾರುವ ಅಮೆರಿಕದ ಚೈನ್ ಕೆಎಫ್‌ಸಿ ಭಾರತಕ್ಕೆ ಬಂದದ್ದೇ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಮೂಲಕ, 1995ರಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಅದರ ವಿರುದ್ಧ ಬೀದಿಗಿಳಿದಿತ್ತು. ಆ ಕಾಲದ ರೈತರ ಮನೆಗಳಲ್ಲಿ ಈಗಲೂ ಈ ಮಾತು ಬರುತ್ತದೆ. ಅದೇ ಮನೆಯ ಮೊಮ್ಮಕ್ಕಳು ಈಗ ಬಕೆಟ್ ಆರ್ಡರ್ ಮಾಡುತ್ತಾರೆ, ಅದು ಬೇರೆ ವಿಷಯ.

ಮೊದಲು ಕೋಳಿ. ನಾಟಿ ಕೋಳಿ ಇದಕ್ಕೆ ಬೇಡ. ಅದರ ಮಾಂಸ ಗಟ್ಟಿ, ಸಾರಲ್ಲಿ ನಿಧಾನಕ್ಕೆ ಬೇಯಬೇಕು. ಎಣ್ಣೆಯಲ್ಲಿ ಕರಿದರೆ ರಬ್ಬರ್ ಆಗುತ್ತದೆ. ಸುಮಾರು ಒಂದು ಕೆಜಿ ತೂಗುವ ಸಣ್ಣ ಬ್ರಾಯ್ಲರ್ ಸಾಕು. ಅಂಗಡಿಯವನು ಕೇಳದೆಯೇ ಚರ್ಮ ಸುಲಿದುಬಿಡುತ್ತಾನೆ, ಮೊದಲೇ ಹೇಳಿ ‘ಸ್ಕಿನ್ ಇರಲಿ’ ಎಂದು. ಚರ್ಮದ ಕೊಬ್ಬು ಕರಗಿ ಹಿಟ್ಟಿನ ಪದರಕ್ಕೆ ರುಚಿ ಕೊಡುತ್ತದೆ. ಸಾರಿನ ಪೀಸಿನ ಹಾಗೆ ಚಿಕ್ಕದಾಗಿ ಕೊಚ್ಚಿಸಬೇಡಿ. ಎಂಟು ಇಲ್ಲವೇ ಒಂಬತ್ತು ತುಂಡು, ಮೂಳೆ ಸಮೇತ.

ನೆನೆಸುವುದಕ್ಕೆ ಹುಳಿ ಮಜ್ಜಿಗೆ. ಒಂದು ಕೆಜಿಗೆ ಸುಮಾರು 15 ಗ್ರಾಂ ಉಪ್ಪು, ಶುಂಠಿ, ಬೆಳ್ಳುಳ್ಳಿ, ಜೊತೆಗೆ ನಾಲ್ಕೈದು ಸೂಜಿ ಮೆಣಸು (ಚಿಕ್ಕ, ಭಾರೀ ಖಾರದ ಮೆಣಸಿನಕಾಯಿ) ಅರೆದು ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡುತ್ತೇನೆ. ಉಪ್ಪು ಮಾತ್ರ ನಿಧಾನಕ್ಕೆ ಮಾಂಸದ ಒಳಗೆ ಇಳಿದು ನೀರನ್ನು ಹಿಡಿದಿಡುತ್ತದೆ. ಮೆಣಸಿನ ಖಾರ ಎಷ್ಟು ಹೊತ್ತು ಇಟ್ಟರೂ ಹೆಚ್ಚು ಒಳಗೆ ಹೋಗುವುದಿಲ್ಲ, ಮೇಲೇ ಕೂತಿರುತ್ತದೆ. ಹಾಗಾಗಿ ನೆನೆಸುವಾಗಲೇ ಸೇರುಗಟ್ಟಲೆ ಖಾರ ಸುರಿಯುವುದು ದಂಡ.

ಸೂಜಿ ಮೆಣಸು ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಯಾರೂ ನೆಡದೆಯೇ ಹುಟ್ಟಿಕೊಳ್ಳುತ್ತದೆ. ಹಕ್ಕಿಗಳು ತಿಂದು ಬೀಜ ಹಾಕಿ ಹೋಗುತ್ತವೆ. ಅವುಗಳಿಗೆ ಆ ಖಾರ ತಟ್ಟುವುದೇ ಇಲ್ಲ. ಕೋಳಿಗೂ ಅಷ್ಟೇ. ನಾವು ಕಣ್ಣೀರು ಸುರಿಸಿ ತಿನ್ನುವ ಮಸಾಲೆಯನ್ನು ಅದು ಬದುಕಿದ್ದಾಗ ಆರಾಮಾಗಿ ಕುಕ್ಕಿ ತಿನ್ನುತ್ತಿತ್ತು, ತಮಾಷೆ ಅಲ್ವಾ?

ಹಿಟ್ಟಿಗೆ ಎರಡು ಕಪ್ ಮೈದಾ, ಅರ್ಧ ಕಪ್ ಕಾರ್ನ್‌ಫ್ಲೋರ್, ಒಂದು ಚಮಚ ಉಪ್ಪು, ಒಂದೂವರೆ ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಬೇಕಿಂಗ್ ಪೌಡರ್. ಅಚ್ಚಖಾರದ ಪುಡಿ ಇಲ್ಲಿ ಅರ್ಧ ಚಮಚ ಸಾಕು. ಹಿಟ್ಟಿನಲ್ಲಿ ಜಾಸ್ತಿ ಆದರೆ ಕಾಲು ಗಂಟೆ ಎಣ್ಣೆಯಲ್ಲಿ ಕರಿಯುವಾಗ ಸೀದು ಕಪ್ಪಾಗುತ್ತದೆ, ಕಹಿ ಬರುತ್ತದೆ. ಕಾಳುಮೆಣಸಿನ ಮೇಲೆ ಜಿಪುಣತನ ಬೇಡ. ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಿಂದ ಕಾಳು ತಂದು ಆಗಿಂದಾಗ್ಗೆ ಕುಟ್ಟಿದರೆ ಬರುವ ಘಾಟು ಪ್ಯಾಕೆಟ್ ಪುಡಿಗೆ ಬರುವುದಿಲ್ಲ.

ಚೈನ್ ಅಂಗಡಿಯ ಚಿಕನ್ ಮೇಲೆ ಚಕ್ಕೆ ಚಕ್ಕೆ ಏಳುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ತುಂಡನ್ನು ಮಜ್ಜಿಗೆಯಿಂದ ತೆಗೆದು ಒಣಹಿಟ್ಟಿನಲ್ಲಿ ಹೊರಳಿಸಿ ಒತ್ತಬೇಕು. ಜಾಲರಿಯಲ್ಲಿಟ್ಟು ತಣ್ಣೀರಲ್ಲಿ ನಾಲ್ಕೈದು ಸೆಕೆಂಡ್ ಅದ್ದಿ ಎತ್ತಬೇಕು. ಮತ್ತೆ ಒಣಹಿಟ್ಟು. ಈ ಸಲ ಒತ್ತುವುದಕ್ಕಿಂತ ಕೆಳಗಿನಿಂದ ಎತ್ತಿ ಮೊಗಚಬೇಕು, ಅವಲಕ್ಕಿಗೆ ಒಗ್ಗರಣೆ ಕಲಸಿದ ಹಾಗೆ. ಒದ್ದೆ ಹಿಟ್ಟಿಗೆ ಒಣ ಹಿಟ್ಟು ಅಂಟಿ ಚಕ್ಕೆ ಎದ್ದು ನಿಲ್ಲುತ್ತದೆ. ಕೊಡವಿ, ಹತ್ತು ನಿಮಿಷ ಸುಮ್ನೆ ಬಿಡಿ.

ಇನ್ನು ಕರಿಯುವುದು. ದೊಡ್ಡ ಅಂಗಡಿಗಳ ಹತ್ತಿರ ಪ್ರೆಷರ್ ಫ್ರೈಯರ್, ಅಂದರೆ ಮುಚ್ಚಳ ಹಾಕಿ ಒತ್ತಡದಲ್ಲಿ ಕರಿಯುವ ಯಂತ್ರ, ಇರುತ್ತದೆ. ಕೆಎಫ್‌ಸಿ ಶುರು ಮಾಡಿದ ಕರ್ನಲ್ ಸ್ಯಾಂಡರ್ಸ್ 1939ರ ಹೊತ್ತಿಗೆ ಅಮೆರಿಕದ ಕೆಂಟಕಿಯಲ್ಲಿ ಕುಕ್ಕರ್ ತಂತ್ರವನ್ನು ಕೋಳಿ ಕರಿಯುವುದಕ್ಕೆ ಹಚ್ಚಿದ್ದು ಗಿರಾಕಿಗಳು ಕಾಯುವ ಹೊತ್ತು ಕಡಿಮೆ ಮಾಡುವುದಕ್ಕೆ. ಅದನ್ನು ಕೇಳಿ ಮನೆಯ ಕುಕ್ಕರ್‌ಗೆ ಎಣ್ಣೆ ತುಂಬಿ ಮುಚ್ಚಳ ಹಾಕಲು ಹೋಗಬೇಡಿ. ಅದರ ಗ್ಯಾಸ್ಕೆಟ್, ವಾಲ್ವ್ ಎಲ್ಲಾ ನೀರಿನ ಆವಿಗೆ ಮಾಡಿದ್ದು, ಕುದಿಯುವ ಎಣ್ಣೆಗಲ್ಲ. ದಪ್ಪ ತಳದ ಬಾಣಲೆಯೇ ಸಾಕು.

ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಬಂದಾಗ ಮೂರೋ ನಾಲ್ಕೋ ತುಂಡು ಬಿಡುತ್ತೇನೆ. ಬಿಟ್ಟ ಕೂಡಲೇ ಶಾಖ ಇಳಿಯುತ್ತದೆ. 155ರಿಂದ 160ರ ನಡುವೆ ಉರಿ ಹಿಡಿದಿಟ್ಟರೆ ಲೆಗ್, ತೊಡೆ ತುಂಡಿಗೆ 13ರಿಂದ 15 ನಿಮಿಷ. ಚುಚ್ಚಿ ನೋಡುವ ಥರ್ಮಾಮೀಟರ್ ತೆಗೆದುಕೊಳ್ಳಿ, ದುಬಾರಿಯೇನಲ್ಲ. ದಪ್ಪ ಭಾಗದಲ್ಲಿ 74 ಡಿಗ್ರಿ ತೋರಿಸಿದರೆ ಬೆಂದಿದೆ. ಆಮೇಲೂ ಮೂಳೆ ಪಕ್ಕ ಸ್ವಲ್ಪ ಕೆಂಪು ಕಂಡರೆ ಗಾಬರಿ ಬೇಡ. ಎಳೆ ಕೋಳಿಯ ಮಜ್ಜೆಯ ಬಣ್ಣ ಅದು.

ಖಾರದ ಅಸಲಿ ಕೆಲಸ ಈಗ. ಒಂದು ಬಟ್ಟಲಲ್ಲಿ ಒಂದು ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಗುಂಟೂರು ಪುಡಿ, ಚಿಟಿಕೆ ಉಪ್ಪು, ಚೂರು ಬೆಲ್ಲದ ಪುಡಿ. ಅದರ ಮೇಲೆ ಬಾಣಲೆಯದೇ ಬಿಸಿ ಎಣ್ಣೆ ನಾಲ್ಕು ಚಮಚ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಚುರುಕಿಗೆ. ಮೆಣಸಿನಕಾಯಿಯ ಬಣ್ಣ, ಖಾರ ಎರಡೂ ಎಣ್ಣೆಯಲ್ಲಿ ಕರಗುವಂಥವು, ಅದಕ್ಕೇ ಈ ಎಣ್ಣೆ ಅಷ್ಟು ಕೆಂಪಾಗುವುದು. ಕರಿದ ತುಂಡಿಗೆ ಬ್ರಶ್‌ನಲ್ಲಿ ತೆಳ್ಳಗೆ ಸವರುತ್ತೇನೆ. ಅಮೆರಿಕದ ನ್ಯಾಶ್‌ವಿಲ್ ಊರಿನವರು ತಮ್ಮ ಹಾಟ್ ಚಿಕನ್‌ಗೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೊನೆಯಲ್ಲಿ ಸವರಿದ ಖಾರ ಸೀಯುವುದಿಲ್ಲ, ನೇರ ನಾಲಿಗೆಗೆ ಸಿಗುತ್ತದೆ. ನನಗೆ ಅಂಗಡಿಯದ್ದಕ್ಕಿಂತ ಇದೇ ಹಿಡಿಸಿತು. ಗರಿಗರಿಯಲ್ಲಿ ಮಾತ್ರ ಅಂಗಡಿಯವರದೇ ಒಂದು ಕೈ ಮೇಲು.

ಜೊತೆಗೆ ಹಾಸನದ ಆಲೂಗಡ್ಡೆ ಫ್ರೈ. ಕುಡಿಯುವುದಕ್ಕೆ ಕೋಲಾ ಬೇಡ. ನೀರು ಕುಡಿದರೂ ಖಾರ ಇಳಿಯುವುದಿಲ್ಲ, ಕೋಲಾದ ಗ್ಯಾಸು ಉರಿಯನ್ನು ಇನ್ನಷ್ಟು ಕೆಣಕುತ್ತದೆ. ಮಜ್ಜಿಗೆ, ಮೊಸರು, ಹಾಲು ಇವೇ ಸರಿ. ಹಾಲಿನ ಕೇಸಿನ್ ಅನ್ನುವ ಪ್ರೋಟೀನು ಖಾರದ ಅಂಶವನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ.

ಉಳಿದ ತುಂಡನ್ನು ಬಿಸಿ ಇರುವಾಗಲೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಆವಿಗೆ ಮೆತ್ತಗಾಗುತ್ತದೆ. ಆರಿಸಿ ಫ್ರಿಜ್‌ನಲ್ಲಿಟ್ಟು, ಮಾರನೇ ದಿನ ತವಾ ಮೇಲೆ ಸಣ್ಣ ಉರಿಯಲ್ಲಿ ಚೆನ್ನಾಗಿ ಬಿಸಿ ಮಾಡಿ. ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೆ ಚೆಲ್ಲುವುದೇ ಒಳ್ಳೆಯದು. ತಿಳಿಯಾಗಿದ್ದರೆ ಬಟ್ಟೆಯಲ್ಲಿ ಸೋಸಿಟ್ಟು ಎರಡು ಮೂರು ದಿನದೊಳಗೆ ಮೊಟ್ಟೆ ಸಾರಿನ ಒಗ್ಗರಣೆಗೆ ಬಳಸಿ, ಮಸಾಲೆಯ ಘಮ ಅದಕ್ಕೂ ಬರುತ್ತದೆ.