ಕಿಂಕೆಲಿಬಾ ಕಷಾಯ: ನನ್ನ ಡಕಾರ್ ಅಡುಗೆಮನೆಯ ಅನುಭವ

ಕಿಂಕೆಲಿಬಾ ಎಲೆಯ ಕಷಾಯ ಔಷಧವೋ ಬೆಳಗಿನ ಪಾನೀಯವೋ ಎಂದು ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಕೇಳಿದರೆ ಜನ ನಗುತ್ತಾರೆ. ಎರಡೂ ಹೌದು. ವ್ಯತ್ಯಾಸವಿರುವುದು ಎಷ್ಟು ಎಲೆ ಹಾಕುತ್ತೀರಿ, ಎಷ್ಟು ಹೊತ್ತು ಕುದಿಸುತ್ತೀರಿ ಎಂಬುದರಲ್ಲಿ. ಯಜಮಾನರ ಕೆಲಸದ ನಿಮಿತ್ತ ಅಲ್ಲಿನ ರಾಜಧಾನಿ ಡಕಾರ್‌ನಲ್ಲಿ ನೆಲೆಸಿದ ಮೇಲೆ, ನಮ್ಮ ಮನೆಯ ಕಾಫಿಪುಡಿ ಡಬ್ಬಿಯ ಪಕ್ಕ ಈ ಎಲೆಗೂ ಒಂದು ಕಾಯಂ ಡಬ್ಬಿ ಬಂತು.

ಸಸ್ಯಶಾಸ್ತ್ರದಲ್ಲಿ ಇದು ಕಾಂಬ್ರೀಟಂ ಮೈಕ್ರಾಂತಮ್. ಸೆನೆಗಲ್, ಮಾಲಿ, ಗಿನಿ, ಬುರ್ಕಿನಾ ಫಾಸೊ ದೇಶಗಳ ಒಣ ಕುರುಚಲು ಕಾಡಿನಲ್ಲಿ, ಕಲ್ಲು ನೆಲದಲ್ಲಿ, ಜಂಬಿಟ್ಟಿಗೆ ಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಪೊದೆ. ನಮ್ಮ ಅಳಲೆ, ತಾರೆ, ಮತ್ತಿ ಮರಗಳೂ ಇದೇ ಕುಟುಂಬಕ್ಕೆ ಸೇರಿದವು. ಬೆಂಗಳೂರಿನ ಕಾಂಪೌಂಡುಗಳ ಮೇಲೆ ಹಬ್ಬುವ ರಂಗೂನ್ ಬಳ್ಳಿಯಂತೂ ಇನ್ನೂ ಹತ್ತಿರದ ನೆಂಟ. ಬಾಲ್ಯದಲ್ಲಿ ಅಳಲೆಕಾಯಿ ತೇಯ್ದು ನೆಕ್ಕಿಸಿಕೊಂಡ ನಾಲಿಗೆಗೆ ಕಿಂಕೆಲಿಬಾದ ಒಗರು ಲೆಕ್ಕಕ್ಕೇ ಇಲ್ಲ.

ಎಲೆ ಕೊಳ್ಳಲು ನಾನು ಹೋಗುವುದು ಮೆದಿನಾ ಬಡಾವಣೆಯ ತಿಲೆನ್ ಮಾರುಕಟ್ಟೆಗೆ. ಗಿಡಮೂಲಿಕೆ ಮಾರುವ ಹೆಂಗಸರ ಮುಂದೆ ಬೇರು, ತೊಗಟೆ, ಬಿಸ್ಸಾಪ್ ಪಾನಕಕ್ಕೆ ಬೇಕಾದ ಕೆಂಪು ಪುಂಡಿಯ ಹೂವಿನ ಬುಡದ ಒಣ ಹೊದಿಕೆ, ಎಲ್ಲದರ ನಡುವೆ ರೆಂಬೆ ಸಮೇತ ಕಟ್ಟಿದ ಕಿಂಕೆಲಿಬಾ ಕಟ್ಟುಗಳು ಇರುತ್ತವೆ. ಹಸಿರು ಪೂರ್ತಿ ಹೋಗದೆ, ಅಲ್ಲಲ್ಲಿ ತಾಮ್ರದ ಛಾಯೆ ತಿರುಗಿದ ಎಲೆ ನನಗೆ ಇಷ್ಟ. ಎಲೆ ಮಗುಚಿ ಬೆಳಕಿಗೆ ಹಿಡಿದರೆ ಅಡಿಭಾಗದಲ್ಲಿ ತುಕ್ಕಿನ ಬಣ್ಣದ ಸಣ್ಣ ಹುರುಪೆಗಳು ಕಾಣಿಸುತ್ತವೆ. ಹಿಚುಕಿದರೆ ಚುರುಚುರು ಎನ್ನಬೇಕು; ಮೆತ್ತಗಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಕೊಳ್ಳುವುದಿಲ್ಲ. ಪುಡಿ ಮಾಡಿ ಚೀಲದಲ್ಲಿ ತುಂಬಿದ್ದೂ ಸಿಗುತ್ತದೆ. ಅದರಲ್ಲಿ ಯಾವ ಎಲೆ ಸೇರಿದೆಯೋ ಹೇಳುವವರು ಯಾರು?

ದಿನನಿತ್ಯದ ಕಷಾಯಕ್ಕೆ ಒಂದು ಲೀಟರ್ ನೀರಿಗೆ ಒಂದು ಹಿಡಿ ಎಲೆ ಸಾಕು. ಮೊದಲು ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸುತ್ತೇನೆ, ಡಕಾರ್‌ನ ಧೂಳು ಅಂಥದ್ದು. ತಪ್ಪಲೆಯಲ್ಲಿ ನೀರು ಮರಳಿದಾಗ ಎಲೆ ಹಾಕಿ, ಉರಿ ತಗ್ಗಿಸಿ, ಹತ್ತು ನಿಮಿಷದ ನಂತರ ಮುಚ್ಚಿಡುತ್ತೇನೆ. ಬಣ್ಣ ಜೇನಿನಿಂದ ಕೆಂಪುಕಂದಿಗೆ ತಿರುಗುವ ಹೊತ್ತಿಗೆ ಸೋಸಿಬಿಡಬೇಕು. ಹಾಗೆಯೇ ಬಿಟ್ಟರೆ ಒಗರು ಏರಿ ಗಂಟಲು ಹಿಡಿಯುತ್ತದೆ. ಒಣಹುಲ್ಲಿನ ಪರಿಮಳ, ಕೊನೆಯಲ್ಲಿ ತುಸು ಹೊಗೆಯ ರುಚಿ. ಕೆಫೀನ್ ಇಲ್ಲ, ಹಾಗಾಗಿ ರಾತ್ರಿ ಕುಡಿದರೂ ನಿದ್ದೆಗೆ ತೊಂದರೆಯಿಲ್ಲ. ಇಲ್ಲಿನವರ ಅತಾಯ, ಅಂದರೆ ಮೂರು ಸಲ ಕಾಯಿಸಿ ಕುಡಿಯುವ ಕಡು ಹಸಿರು ಚಹಾ, ನನ್ನನ್ನು ನಡುರಾತ್ರಿಯವರೆಗೂ ಎಚ್ಚರವಿರಿಸುತ್ತದೆ.

ಔಷಧಕ್ಕೆಂದು ಮಾಡುವಾಗ ಇದೇ ಎಲೆಯನ್ನು ಹೆಚ್ಚು ಹಾಕಿ, ನೀರು ಬತ್ತುವಷ್ಟು ಕುದಿಸುತ್ತಾರೆ. ಜ್ವರ, ಮಲಬದ್ಧತೆ, ಪಿತ್ತ, ಯಕೃತ್ತಿನ ತೊಂದರೆ, ಮೂತ್ರ ಸಲೀಸಾಗಲಿಕ್ಕೆ: ಊರೂರಿನಲ್ಲಿ ಹೀಗೆ ಬಳಕೆ. ಮಲೇರಿಯಾ ವಿಷಮಿಸಿ ಮೂತ್ರ ಕಪ್ಪಾಗುವ ಜ್ವರಕ್ಕೆ ಇದನ್ನು ಕೊಡುವ ರೂಢಿಯನ್ನು 19ನೆಯ ಶತಮಾನದ ಕೊನೆಯಲ್ಲಿ ಫ್ರೆಂಚರೂ ಇಲ್ಲಿಂದ ಕಲಿತರು. ಎಲೆಯಲ್ಲಿ ವಿಟೆಕ್ಸಿನ್‌ನಂಥ ಫ್ಲೇವನಾಯ್ಡ್‌ಗಳೆಂಬ ಸಸ್ಯ ರಾಸಾಯನಿಕಗಳಿವೆ, ಒಗರು ಕೊಡುವ ಟ್ಯಾನಿನ್ ಇದೆ. ರಕ್ತದ ಸಕ್ಕರೆ ತಗ್ಗಿಸುತ್ತದೆಯೇ ಎಂದು ಇಲಿಗಳ ಮೇಲೆ ಪ್ರಯೋಗಗಳೂ ನಡೆದಿವೆ. ಆದರೆ ಇಲಿಗೆ ಒಪ್ಪಿದ್ದೆಲ್ಲ ಮನುಷ್ಯನಿಗೆ ಮದ್ದಾಗಬೇಕಿಲ್ಲ.

ನನ್ನ ಮಟ್ಟಿಗೆ ಇದು ಕೆಲಸ ಮಾಡಿರುವುದು ಹೊಟ್ಟೆಯ ವಿಷಯದಲ್ಲಿ. ನೆರೆಮನೆಯವರು ಪ್ರೀತಿಯಿಂದ ಬಡಿಸುವ ಎಣ್ಣೆಯಲ್ಲಿ ಮುಳುಗಿದ ಅನ್ನ ತಿಂದ ಮೇಲೆ ಒಂದು ಲೋಟ ಬಿಸಿ ಕಿಂಕೆಲಿಬಾ ಕುಡಿದರೆ ಹೊಟ್ಟೆಯುಬ್ಬರ ಇಳಿಯುತ್ತದೆ. ಅದು ಎಲೆಯ ಗುಣವೋ ಬಿಸಿನೀರಿನದೋ, ಹಾಯೆನಿಸುವುದಂತೂ ನಿಜ. ಕೆಮ್ಮಿದ್ದಾಗ ಜೇನು, ನಿಂಬೆರಸ ಬೆರೆಸುತ್ತೇನೆ. ಜ್ವರ ಬಂದರೆ ಮಾತ್ರ ಮೊದಲು ಮಲೇರಿಯಾ ಪರೀಕ್ಷೆ, ವೈದ್ಯರು ಬರೆದುಕೊಟ್ಟ ಮಾತ್ರೆ. ಕಷಾಯ ಅದರ ಜೊತೆಗೆ, ಬಾಯಾರಿಕೆಗೆ. ಎಲೆಯ ಮೇಲೆ ನಂಬಿಕೆಯಿಟ್ಟು ಮಾತ್ರೆ ತಪ್ಪಿಸುವುದು ಜಾಣತನವಲ್ಲ.

ಮೂತ್ರ ಹೆಚ್ಚಿಸುವ ಗುಣ ಇದಕ್ಕಿದೆ ಎನ್ನುತ್ತಾರೆ. ಆದ್ದರಿಂದ ರಕ್ತದೊತ್ತಡದ ಮಾತ್ರೆ ನುಂಗುವ ನಮ್ಮ ಅತ್ತೆಯವರಿಗೆ, ಊರಿಗೆ ಹೋದಾಗ ಎಲೆ ಒಯ್ದಿದ್ದರೂ, ವೈದ್ಯರನ್ನು ಕೇಳದೆ ಕೊಡಲಿಲ್ಲ. ರಕ್ತಹೀನತೆ ಇರುವವರು ಊಟದ ಜೊತೆಗೆ ಕುಡಿಯದಿರುವುದು ಒಳ್ಳೆಯದು. ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಡುತ್ತದೆ.

ರಂಜಾನ್‌ನಲ್ಲಿ ಬೀದಿಬೀದಿಯಲ್ಲೂ ಕಿಂಕೆಲಿಬಾದ ಘಮ. ಸಂಜೆ ಖರ್ಜೂರ, ಬ್ರೆಡ್ಡಿನೊಂದಿಗೆ ಇದನ್ನು ಕುಡಿದೇ ಉಪವಾಸ ಬಿಡುತ್ತಾರೆ. ಕೆಳಮನೆಯ ಅಜ್ಜಿ ಆಗ ಹಾಲಿನ ಪುಡಿ, ಧಾರಾಳವಾಗಿ ಸಕ್ಕರೆ ಹಾಕಿ ನಮಗೂ ಕಳುಹಿಸುತ್ತಾರೆ. ಹಾಲು ಹಾಕಿದರೆ ಆ ಹೊಗೆಯ ರುಚಿಯೇ ಮಾಯ, ನನಗೆ ಅದು ಸೇರುವುದಿಲ್ಲ. ನಮ್ಮ ಯಜಮಾನರು ಮಾತ್ರ ಅದನ್ನೇ ಇನ್ನೊಂದು ಲೋಟ ಕೇಳಿ ಕುಡಿಯುತ್ತಾರೆ.