ವಾರಕ್ಕೆ 48 ಗಂಟೆ ದಾಟಿತೇ? ಓಟಿ ಲೆಕ್ಕ ಹಾಕಿ ಕೇಳುವುದು ಹೀಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವರು, ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬಿಲ್ ಹಾಕುವವರು, ಜವಳಿ ಅಂಗಡಿಯ ಕ್ಯಾಶ್ ಕೌಂಟರಿನವರು ಓಟಿ (ಓವರ್‌ಟೈಮ್, ಅಂದರೆ ಹೆಚ್ಚುವರಿ ಗಂಟೆ ದುಡಿದದ್ದರ ಹಣ) ಕೇಳಿದರೆ ‘ದಿನಕ್ಕೆ ಒಂಬತ್ತು ಗಂಟೆ ದಾಟಿಲ್ಲವಲ್ಲ’ ಎಂಬ ಉತ್ತರ ಬರುವುದುಂಟು. ಅದು ಅರ್ಧ ಮಾತ್ರ ನಿಜ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಎರಡು ಮಿತಿಗಳಿವೆ: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಯಾವುದನ್ನು ದಾಟಿದರೂ ಹೆಚ್ಚಿನ ಗಂಟೆಗಳಿಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು.

ಮೊದಲ ಕೆಲಸ, ನಿಮ್ಮದೇ ಒಂದು ಪುಸ್ತಕ ಇಡುವುದು. ಬಂದ ಸಮಯ, ಹೋದ ಸಮಯ, ಊಟದ ಬಿಡುವು ಮೂರನ್ನೂ ಅಂದಂದೇ ಬರೆಯಿರಿ. ತಿಂಗಳ ಕೊನೆಗೆ ನೆನಪಿನಿಂದ ತುಂಬಿದ ಪುಸ್ತಕ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ. ಸತತ 5 ಗಂಟೆ ದುಡಿಯುವ ಮೊದಲು ಕನಿಷ್ಠ 1 ಗಂಟೆ ಬಿಡುವು ಸಿಗಬೇಕು. ಅದು ಕೆಲಸದ ಲೆಕ್ಕಕ್ಕೆ ಸೇರದು. ಆದರೆ ಡಬ್ಬಿ ಬಿಚ್ಚಿಕೊಂಡೇ ಫೋನ್ ಎತ್ತುತ್ತಾ, ಬಿಲ್ ಕೊಡುತ್ತಾ ಕೂತಿದ್ದರೆ ಅದನ್ನೂ ಬರೆದಿಡಿ. ರಾತ್ರಿ ‘ಸ್ಟಾಕ್ ಲಿಸ್ಟ್ ಕಳಿಸಿ’ ಎಂದು ಬಂದ ವಾಟ್ಸ್ಆ್ಯಪ್ ಸಂದೇಶವನ್ನು ಅಳಿಸಬೇಡಿ.

ಇನ್ನು ಲೆಕ್ಕ. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಎಂದು ಒಪ್ಪಿ ತಿಂಗಳ ಸಂಬಳ 15,600 ರೂಪಾಯಿ ಎಂದಿಟ್ಟುಕೊಳ್ಳಿ. ರೂಢಿಯಂತೆ ತಿಂಗಳಿಗೆ 26 ಕೆಲಸದ ದಿನ ಎಂದು ಭಾಗಿಸಿದರೆ ದಿನಕ್ಕೆ 600, ಗಂಟೆಗೆ 75. ಓಟಿ ದರ 150. ಬೆಳಿಗ್ಗೆ 9.30ಕ್ಕೆ ಬಂದು, ಒಂದು ಗಂಟೆ ಊಟ ಕಳೆದು, ರಾತ್ರಿ 7.30ಕ್ಕೆ ಹೊರಟರೆ 9 ಗಂಟೆ. ದಿನದ ಮಿತಿ ದಾಟಿಲ್ಲ, ಆದರೆ ಆರು ದಿನಕ್ಕೆ 54 ಆಯಿತು. ವಾರಕ್ಕೆ 6 ಗಂಟೆ ಓಟಿ, ಅಂದರೆ 900 ರೂಪಾಯಿ. ನೌಕರರ ದುಡ್ಡು ಸದ್ದಿಲ್ಲದೆ ಸೋರಿ ಹೋಗುವುದು ಇಲ್ಲೇ. ಗಂಟೆ ಲೆಕ್ಕದ ಸಂಬಳವಾದರೆ ಭಾಗಾಕಾರವೇ ಬೇಡ, ಆ ದರವನ್ನೇ ಎರಡರಿಂದ ಗುಣಿಸಿ.

ಸತತ ಮೂರು ತಿಂಗಳಲ್ಲಿ ಓಟಿ 50 ಗಂಟೆ ಮೀರಬಾರದು ಎಂದೂ ಕಾಯ್ದೆ ಹೇಳುತ್ತದೆ. ಮೇಲಿನ ಲೆಕ್ಕದಲ್ಲಿ 13 ವಾರಕ್ಕೆ 78 ಆಗುತ್ತದೆ. ಅಂದರೆ ಅಂಥ ಡ್ಯೂಟಿ ಪಟ್ಟಿಯೇ ತಪ್ಪು. ಓಟಿ ಸೇರಿಯೂ ದಿನಕ್ಕೆ 10 ಗಂಟೆ ಮೀರುವಂತಿಲ್ಲ. ಸ್ಟಾಕ್ ಎಣಿಕೆ, ಲೆಕ್ಕಪತ್ರ ತಯಾರಿಯ ದಿನಗಳಿಗೆ ಮಾತ್ರ ವಿನಾಯಿತಿ. ವಾರದ ರಜೆ ಹೇಗೂ ನಿಮ್ಮ ಹಕ್ಕು, ಓಟಿ ಹಣದ ಬದಲು ಅದನ್ನೇ ಲೆಕ್ಕಕ್ಕೆ ಹಿಡಿಯಲು ಒಪ್ಪಬೇಡಿ.

ಸರ್ಕಾರಿ ಕಚೇರಿಗಳಿಗೂ ನಿಜವಾದ ಆಡಳಿತ ಹುದ್ದೆಯಲ್ಲಿರುವವರಿಗೂ ಈ ನಿಯಮವಿಲ್ಲ. ಆದರೆ ಬಿಲ್ ಹಾಕುವವರಿಗೆ ‘ಮ್ಯಾನೇಜರ್’ ಎಂದು ಹೆಸರಿಟ್ಟ ಮಾತ್ರಕ್ಕೆ ಹಕ್ಕು ಹೋಗದು. ನೋಡಬೇಕಾದ್ದು ಮಾಡುವ ಕೆಲಸವನ್ನು.

ಕೇಳುವಾಗ ಬಾಯಿಮಾತು ಬೇಡ. ವಾರವಾರದ ಗಂಟೆ, ದರ, ಬಾಕಿ ಮೊತ್ತ ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಮಾಲೀಕರ ಸಹಿ, ಸೀಲು ಪಡೆಯಿರಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಉತ್ತರವಿಲ್ಲದಿದ್ದರೆ ನೇಮಕಾತಿ ಪತ್ರ, ಸಂಬಳ ಜಮೆಯಾದ ಪಾಸ್‌ಬುಕ್, ನಿಮ್ಮ ಪುಸ್ತಕದ ನಕಲು ಸೇರಿಸಿ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ತಡಮಾಡಿದಷ್ಟೂ ದಾಖಲೆ ಕೈತಪ್ಪುತ್ತದೆ.

ಕೆಲಸ ಹೋದೀತೆಂಬ ಭಯ ಸಹಜವೇ. ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.