ಒಂದೇ ಪೆಟ್ಟಿಗೆಯಲ್ಲಿ 30 ಮೊಟ್ಟೆ: ವುಡ್ ಡಕ್ ಗೂಡಿನ ಲೆಕ್ಕ

ಕಾಗೆಯ ಗೂಡಲ್ಲಿ ಕೋಗಿಲೆ ಮೊಟ್ಟೆಯಿಡುವುದು ನಮಗೆಲ್ಲ ಗೊತ್ತು. ಉತ್ತರ ಅಮೆರಿಕದ ವುಡ್ ಡಕ್ ವಿಷಯದಲ್ಲಿ ಕಾಗೆಯೂ ಅದೇ, ಕೋಗಿಲೆಯೂ ಅದೇ. ಮರದ ಪೊಟರೆಯಲ್ಲಿ ಗೂಡು ಮಾಡುವ ಈ ಬಾತಿನ ಹೆಣ್ಣು, ತನ್ನದೇ ಜಾತಿಯ ಇನ್ನೊಂದು ಹೆಣ್ಣಿನ ಗೂಡಿಗೆ ಮೊಟ್ಟೆ ಹಾಕಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ಹೆಣ್ಣು ಇಡುವುದು 10–12 ಮೊಟ್ಟೆ. ಪೊಟರೆಯ ಬದಲಿಗೆ ನಾವು ಕಂಬಕ್ಕೆ ಕಟ್ಟುವ ಮರದ ಗೂಡುಪೆಟ್ಟಿಗೆಯಲ್ಲೂ ಇದೇ ಕತೆ. ಪೆಟ್ಟಿಗೆ ತೆರೆದಾಗ 30 ಕಂಡರೆ ಅದು ಒಬ್ಬಳ ಕೆಲಸವಲ್ಲ.

ಎಷ್ಟು ಜನ ಬಂದಿದ್ದಾರೆ ಎಂದು ತಿಳಿಯಲು ನಾನು ನಂಬುವುದು ಸರಳ ಲೆಕ್ಕವನ್ನು: ಒಂದು ಹೆಣ್ಣು ದಿನಕ್ಕೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇಡುವುದಿಲ್ಲ. ವಾರದ ಹಿಂದೆ 4 ಇದ್ದದ್ದು ಈಗ 16 ಆಗಿದ್ದರೆ ಕನಿಷ್ಠ ಇಬ್ಬರು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ತಿಳಿಯಲು ಮೆತ್ತನೆಯ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಸಾಕು. ಮಾರ್ಕರ್ ಪೆನ್ ಬೇಡ, ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಅದರ ದ್ರಾವಕ ಒಳಗಿಳಿಯಬಹುದು. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆ ಇರುವುದರಿಂದ ಮೊಟ್ಟೆ ಮುಟ್ಟುವ ಮೊದಲು ಪರವಾನಗಿ ಪಡೆಯಿರಿ. ಇಲ್ಲದವರು ಕಣ್ಣಲ್ಲೇ ಎಣಿಸಿ ಮುಚ್ಚಿಬಿಡಿ.

ಮೊಟ್ಟೆ ಬೀಳುವುದು ಬೆಳಗಿನ ಹೊತ್ತು, ಹಾಗಾಗಿ ನಾನು ಹೋಗುವುದು ಮಧ್ಯಾಹ್ನ. ಮೊದಲು ಕಂಬವನ್ನು ಮೆಲ್ಲಗೆ ತಟ್ಟುತ್ತೇನೆ, ಒಳಗಿರುವ ಹಕ್ಕಿ ಗಾಬರಿಬಿದ್ದು ಮೊಟ್ಟೆ ತುಳಿಯಬಾರದಲ್ಲ. ತಾಯಿ ಎದೆಯ ತುಪ್ಪಳ ಕಿತ್ತು ಮೊಟ್ಟೆಗಳಿಗೆ ಹೊದಿಸಿದ್ದರೆ ಕಾವಿನ ಸಿದ್ಧತೆ ನಡೆದಿದೆ ಎಂದರ್ಥ. ಆಮೇಲೆ ಆ ಪೆಟ್ಟಿಗೆ ತೆರೆಯುವುದಿಲ್ಲ. ತುಪ್ಪಳವೇ ಇಲ್ಲದೆ 20ರಷ್ಟು ಮೊಟ್ಟೆ ತಣ್ಣಗೆ ಚದುರಿ ಬಿದ್ದಿದ್ದರೆ ಎಲ್ಲರೂ ಹಾಕಿದ್ದಾರೆ, ಯಾರೂ ಕೂತಿಲ್ಲ.

ಇವುಗಳ ನಡುವೆ ಅಚ್ಚಬಿಳಿಯ, ಗುಂಡನೆಯ, ದಪ್ಪ ಚಿಪ್ಪಿನ ಮೊಟ್ಟೆ ಕಂಡರೆ ಅದು ಪೊಟರೆಯಲ್ಲೇ ಗೂಡು ಮಾಡುವ ಇನ್ನೊಂದು ಬಾತು ಹೂಡೆಡ್ ಮರ್ಗಾನ್ಸರ್‌ನದು. ವುಡ್ ಡಕ್ ಮೊಟ್ಟೆ ಕೆನೆಬಣ್ಣದ್ದು, ತುಸು ಉದ್ದ. ಎರಡೂ ಸೇರಿದ ಗೂಡನ್ನು ಹಾಗೇ ಬಿಡಿ.

ಹೆಚ್ಚಾದರೆ ನಷ್ಟವೇನು? ಅಂಚಿನ ಮೊಟ್ಟೆಗಳಿಗೆ ಶಾಖ ಸಾಲುವುದಿಲ್ಲ, ಹಕ್ಕಿಗಳ ನೂಕಾಟದಲ್ಲಿ ಕೆಲವು ಒಡೆಯುತ್ತವೆ, ಕೆಲವೊಮ್ಮೆ ತಾಯಿ ಗೂಡನ್ನೇ ಬಿಡುತ್ತದೆ. ಕಾವು ಸುಮಾರು 30 ದಿನ. ಅರ್ಧಕ್ಕೆ ಬಂದ ಮೇಲೆ ಇಟ್ಟ ಮೊಟ್ಟೆ ವ್ಯರ್ಥ: ಮೊದಲು ಒಡೆದ ಮರಿಗಳು ಒಂದು ದಿನದೊಳಗೆ ತಾಯಿಯ ಕರೆಗೆ ಕೆಳಕ್ಕೆ ಹಾರಿಬಿಡುತ್ತವೆ, ಹಿಂದುಳಿದದ್ದಕ್ಕೆ ಕಾಯುವವರಿಲ್ಲ.

ಇದರಲ್ಲಿ ಬಹುಪಾಲು ತಪ್ಪು ಹಕ್ಕಿಯದಲ್ಲ, ಪೆಟ್ಟಿಗೆ ನೆಟ್ಟವರದು. ಒಂದೇ ಕಂಬಕ್ಕೆ ಎರಡು ಪೆಟ್ಟಿಗೆ, ಬಯಲು ನೀರಿನ ಮೇಲೆ ಸಾಲಾಗಿ ನಾಲ್ಕು ಎಂದು ನೆಟ್ಟರೆ ಯಾವ ಹೆಣ್ಣು ಎಲ್ಲಿ ಹೊಕ್ಕಳು ಎಂಬುದು ಉಳಿದವಕ್ಕೆಲ್ಲ ಕಾಣುತ್ತದೆ. ಅವಳ ಬೆನ್ನಿಗೇ ಹೋಗುತ್ತವೆ. 1980ರ ದಶಕದಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಸಂಶೋಧಕರಾದ ಬ್ರಾಡ್ ಸೆಮೆಲ್ ಮತ್ತು ಪಾಲ್ ಶೆರ್ಮನ್ ತೋರಿಸಿದ್ದೂ ಇದನ್ನೇ. ನಾನು ಒಂದಕ್ಕೊಂದು ಕಾಣದ ಹಾಗೆ, ಮರಗಳ ಮರೆಯಲ್ಲಿ, ಸುಮಾರು 600 ಅಡಿ ಅಂತರ ಬಿಟ್ಟು ನೆಡುತ್ತೇನೆ. ಜಾಗ ಬದಲಿಸುವುದು ಚಳಿಗಾಲದಲ್ಲಿ ಮಾತ್ರ.

ಪೆಟ್ಟಿಗೆಗೆ ರಾಸಾಯನಿಕ ಬಳಿಯದ 1 ಇಂಚು ದಪ್ಪದ ಸೀಡರ್ ಹಲಗೆ, ಎತ್ತರ 24 ಇಂಚು, ಬಾಯಿ 4 ಇಂಚು ಅಗಲ, 3 ಇಂಚು ಎತ್ತರದ ಅಂಡಾಕಾರ. ಮರಿಗಳು ಹತ್ತಲು ಬಾಯಿಯ ಕೆಳಗೆ ಒಳಗೋಡೆಗೆ ಕಾಲಿಂಚು ಕಣ್ಣಿನ ತಂತಿ ಜಾಲರಿ, ಅಂಚು ಚುಚ್ಚದಂತೆ ಮಡಚಿ. ತಳಕ್ಕೆ ಬಡಗಿ ಮರ ಕೀಸಿದ ಸಿಪ್ಪೆ 4 ಇಂಚು. ಗರಗಸದ ಹೊಟ್ಟು ಹಾಕಬೇಡಿ, ನೀರು ಹಿಡಿದು ಕೊಳೆಯುತ್ತದೆ. ಕಂಬಕ್ಕೆ ಮೊಟ್ಟೆ ಕದಿಯುವ ರಕೂನ್ ಎಂಬ ಪ್ರಾಣಿ ಹತ್ತದ ಹಾಗೆ 3 ಅಡಿ ಅಗಲದ ತಗಡಿನ ಶಂಕು.

ಋತು ಮುಗಿದ ಮೇಲೆ ಎಣಿಸಬೇಕಾದದ್ದು ಚಿಪ್ಪಿನ ಚೂರಲ್ಲ, ಒಳಪೊರೆ. ಮರಿ ಹೊರಬಂದ ಮೊಟ್ಟೆಯ ಪೊರೆ ಚಿಪ್ಪಿನಿಂದ ಬಿಟ್ಟು ಚರ್ಮದ ತುಂಡಿನಂತೆ ತಳದ ಮರದ ಸಿಪ್ಪೆಯಲ್ಲಿ ಉಳಿದಿರುತ್ತದೆ. ಒಡೆಯದೆ ಉಳಿದ ಮೊಟ್ಟೆಯನ್ನು ಮುಖದಿಂದ ದೂರ ಹಿಡಿಯಿರಿ. ಒಳಗೆ ಕೊಳೆತ ಅನಿಲ ತುಂಬಿ ಪಟ್ಟನೆ ಸಿಡಿಯುತ್ತದೆ, ಆ ವಾಸನೆ ಅಂಗಿಯಿಂದ ಸುಲಭಕ್ಕೆ ಹೋಗುವುದಿಲ್ಲ.